ಮುಚ್ಚುವ ಮುನ್ನ ನೋಡಬೇಕಾದದ್ದು: ಕಟ್ಟಡದ ಒಳದೋಷಗಳು ಹುಟ್ಟುವ ಹೊತ್ತು, ತಪಾಸಣೆ ಸೋಲುವ ಜಾಗ

2016ರ ಜನವರಿ 29ರ ನಸುಕಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಆಕ್ಸ್‌ಗ್ಯಾಂಗ್ಸ್ ಪ್ರಾಥಮಿಕ ಶಾಲೆಯ ಹೊರಗೋಡೆಯ ಒಂದು ಭಾಗ ಬಿರುಗಾಳಿಗೆ ಕಳಚಿ ಬಿತ್ತು. ಬಿದ್ದದ್ದು ಸುಮಾರು 9 ಟನ್ ಇಟ್ಟಿಗೆ. ಮಕ್ಕಳು ಬರುವ ಹೊತ್ತಾಗಿರಲಿಲ್ಲ, ಹಾಗಾಗಿ ಯಾರ ಜೀವಕ್ಕೂ ಕುತ್ತಾಗಲಿಲ್ಲ. ಕಟ್ಟಡಕ್ಕೆ ಹೆಚ್ಚುಕಡಿಮೆ ಹತ್ತು ವರ್ಷ ವಯಸ್ಸು. ಗಾಳಿ ಜೋರಾಗಿತ್ತು ನಿಜ, ಆದರೆ ಗೋಡೆ ತಾಳಿಕೊಳ್ಳಬೇಕಾದ ಮಟ್ಟವನ್ನು ಮೀರಿದ ಗಾಳಿ ಅದಲ್ಲ.

ಅದು ಎರಡು ಪದರದ ಗೋಡೆ. ಒಳಗೊಂದು, ಹೊರಗೊಂದು, ನಡುವೆ ಟೊಳ್ಳು. ಎರಡನ್ನೂ ಹಿಡಿದಿಡಲು ವಾಲ್ ಟೈ ಎನ್ನುವ ಲೋಹದ ಕೊಂಡಿಗಳಿರುತ್ತವೆ. ಕೊಂಡಿಯ ತುದಿ ಗಾರೆಯೊಳಗೆ ಕನಿಷ್ಠ 50 ಮಿ.ಮೀ. ಹೂತಿರಬೇಕು. ಅಲ್ಲಿ ಎಷ್ಟೋ ಕಡೆ ಅದರ ಅರ್ಧವೂ ಹೂತಿರಲಿಲ್ಲ. ನಡುವಿನ ಟೊಳ್ಳು ನಕ್ಷೆಗಿಂತ ಅಗಲವಾಗಿತ್ತು, ಕೊಂಡಿಯ ಉದ್ದ ಮಾತ್ರ ಅಷ್ಟೇ ಇತ್ತು. ಹೀಗಾಗಿ ಆಚೆ ತುದಿ ಗಾರೆಗೆ ಮುಟ್ಟಿದಂತೆ ಮಾಡಿ ನಿಂತಿತ್ತು. ಹೊರಗಿನ ಇಟ್ಟಿಗೆ ಒಂದೊಂದೇ ವರಸೆ ಮೇಲೇರಿದಂತೆ ಕೊಂಡಿಗಳೆಲ್ಲ ಮರೆಯಾದವು. ಅಲ್ಲಿಂದ ಮುಂದೆ ಆ ಗೋಡೆಯನ್ನು ಎಷ್ಟು ಜನ ಎಷ್ಟು ಸಲ ನೋಡಿದರೂ ಕಾಣುತ್ತಿದ್ದದ್ದು ಅಚ್ಚುಕಟ್ಟಾದ ಇಟ್ಟಿಗೆ ಕೆಲಸ ಮಾತ್ರ. ಆ ವರ್ಷ ಏಪ್ರಿಲ್‌ನಲ್ಲಿ ನಗರದ 17 ಶಾಲೆಗಳಿಗೆ ಬೀಗ ಹಾಕಬೇಕಾಯಿತು. ವಾಸ್ತುಶಿಲ್ಪಿ ಜಾನ್ ಕೋಲ್ ನಡೆಸಿದ ಸ್ವತಂತ್ರ ವಿಚಾರಣೆಯ ವರದಿ 2017ರ ಫೆಬ್ರವರಿಯಲ್ಲಿ ಬಂತು. ಗೋಡೆಗಳನ್ನು ಬಿಚ್ಚಿ ನೋಡುತ್ತ ಹೋದಂತೆ ಬೆಂಕಿ ತಡೆಯುವ ತಡೆಪಟ್ಟಿಗಳೂ ಹಲವೆಡೆ ಇಲ್ಲದಿರುವುದು ಗೊತ್ತಾಯಿತು. ಯಾರೂ ಹುಡುಕಿರದ ದೋಷ, ಬೇರೆ ದೋಷ ಹುಡುಕುವಾಗ ಸಿಕ್ಕಿತು.

ಒಳದೋಷ ಎನ್ನುವುದು ವರ್ಷಗಳ ಕಾಲ ನಿಧಾನವಾಗಿ ಬೆಳೆಯುವ ಕಾಯಿಲೆ ಎಂದು ನಾವು ತಿಳಿದುಕೊಂಡಿರುತ್ತೇವೆ. ಬಹುಪಾಲು ಹಾಗಲ್ಲ. ಅದು ಒಂದು ನಿರ್ದಿಷ್ಟ ದಿನ, ಎಷ್ಟೋ ಸಲ ಒಂದು ನಿರ್ದಿಷ್ಟ ಗಂಟೆಯಲ್ಲಿ ಮರೆಯಾಗುತ್ತದೆ: ಕಾಂಕ್ರೀಟ್ ಸುರಿಯುವ ಬೆಳಿಗ್ಗೆ, ಪ್ಲಾಸ್ಟರ್ ಹೊಡೆಯುವ ಮಧ್ಯಾಹ್ನ, ಟೈಲ್ಸ್ ಕೂರಿಸುವ ದಿನ, ಫಾಲ್ಸ್ ಸೀಲಿಂಗ್ ಮುಚ್ಚುವ ಸಂಜೆ. ಆ ಗಂಟೆಗೆ ಮುಂಚೆ ಅದನ್ನು ಸರಿಪಡಿಸಲು ಬೇಕಿದ್ದದ್ದು ಒಂದು ಇಕ್ಕಳ, ಒಂದಿಷ್ಟು ಬೈಂಡಿಂಗ್ ವೈರ್, ಅರ್ಧ ದಿನ. ಆಮೇಲೆ ಬೇಕಾಗುವುದು ಡ್ರಿಲ್ಲು, ಜಾಕು, ತಜ್ಞರ ವರದಿ, ಕೆಲವೊಮ್ಮೆ ನ್ಯಾಯಾಲಯ. ತಪಾಸಣೆಯ ಬೆಲೆ ಇರುವುದು ಮುಚ್ಚುವ ಮುನ್ನ. ಕೀಲಿ ಕೊಡುವ ದಿನದ ತಪಾಸಣೆ ಬಣ್ಣದ ತಪಾಸಣೆ, ಬಾಗಿಲು ಕಿಟಕಿಯ ತಪಾಸಣೆ. ಅದೂ ಬೇಕು, ಆದರೆ ಕಟ್ಟಡ ನಿಂತಿರುವುದು ಅದರ ಮೇಲಲ್ಲ.

ಕಾಂಕ್ರೀಟ್ ಸುರಿಯುವ ಮುಂಜಾನೆ

ಸೆಂಟ್ರಿಂಗ್ ಹಲಗೆಯ ಮೇಲೆ ಕಬ್ಬಿಣ ಕಟ್ಟಿ ಮುಗಿದಿದೆ, ಲಾರಿ ಗೇಟಿನಲ್ಲಿ ನಿಂತಿದೆ ಎಂದುಕೊಳ್ಳಿ. ಇಲ್ಲಿ ಮೊದಲು ನೋಡಬೇಕಾದದ್ದು ಸರಳುಗಳ ಸಂಖ್ಯೆಯನ್ನಲ್ಲ, ಅವು ಇರುವ ಜಾಗವನ್ನು. ಸಂಖ್ಯೆ ತಪ್ಪುವುದು ಅಪರೂಪ, ಏಕೆಂದರೆ ಅದನ್ನು ಎಲ್ಲರೂ ಎಣಿಸುತ್ತಾರೆ. ಜಾಗ ತಪ್ಪುವುದು ದಿನನಿತ್ಯದ ಮಾತು.

ಹೊರಚಾಚಿದ ಬಾಲ್ಕನಿಯ ಉದಾಹರಣೆ ತೆಗೆದುಕೊಳ್ಳೋಣ. ಸ್ಲ್ಯಾಬಿನ ದಪ್ಪ 150 ಮಿ.ಮೀ. ಬಾಲ್ಕನಿ ಕೆಳಕ್ಕೆ ಬಾಗಲು ನೋಡುತ್ತದೆ, ಹಾಗಾಗಿ ಎಳೆತ ಬೀಳುವುದು ಮೇಲ್ಮೈಯಲ್ಲಿ. ಆದ್ದರಿಂದ ಮುಖ್ಯ ಸರಳು ಮೇಲಿರಬೇಕು. 10 ಮಿ.ಮೀ. ಸರಳಿಗೆ ಮೇಲೆ 20 ಮಿ.ಮೀ. ಕಾಂಕ್ರೀಟ್ ಹೊದಿಕೆ, ಅಂದರೆ ಕವರ್, ಬಿಟ್ಟರೆ, ಸ್ಲ್ಯಾಬಿನ ತಳದಿಂದ ಸರಳಿನ ನಡುಮಧ್ಯಕ್ಕೆ 125 ಮಿ.ಮೀ. ಸಿಗುತ್ತದೆ. ಬಾಲ್ಕನಿಯ ಬಲ ನಿಂತಿರುವುದು ಈ 125ರ ಮೇಲೆ. ಮೇಲಿನ ಜಾಲವನ್ನು ಎತ್ತಿ ಹಿಡಿಯುವ ಚೇರ್‌ಗಳನ್ನು ಸುಮಾರು ಒಂದು ಮೀಟರಿಗೊಂದರಂತೆ ಇಡದಿದ್ದರೆ, ಕಾಂಕ್ರೀಟ್ ಹೊತ್ತು ಓಡಾಡುವವರ ಕಾಲಿನಡಿ ಜಾಲ ಕುಸಿಯುತ್ತದೆ. 40 ಮಿ.ಮೀ. ಕುಸಿದರೆ 125 ಇದ್ದದ್ದು 85 ಆಯಿತು. ಒಂದೇ ಒಂದು ಸರಳು ಕದ್ದಿಲ್ಲ, ಸಿಮೆಂಟಿನಲ್ಲಿ ಮೋಸವಿಲ್ಲ, ಆದರೂ ಬಾಗುವಿಕೆಯನ್ನು ತಡೆಯುವ ಬಲದಲ್ಲಿ ಸುಮಾರು ಮೂರನೇ ಒಂದು ಭಾಗ ಹೋಯಿತು. ಸುರಿದು ಮುಗಿದ ಮೇಲೆ ಇದನ್ನು ಕಣ್ಣಿನಿಂದ ಕಂಡುಹಿಡಿಯಲು ಸಾಧ್ಯವೇ ಇಲ್ಲ. ಅದಕ್ಕೇ ಕಬ್ಬಿಣ ನೋಡಿ ಸಹಿ ಹಾಕಿ ಹೊರಟುಹೋಗುವ ತಪಾಸಣೆ ಅರ್ಧ ತಪಾಸಣೆ. ಸುರಿಯುವಾಗ ಒಬ್ಬರು ಅಲ್ಲೇ ಇದ್ದು, ಓಡಾಡಲು ಹಲಗೆ ಹಾಸಿದ್ದಾರೆಯೇ, ಬಾಗಿದ ಚೇರ್ ಎತ್ತಿ ನಿಲ್ಲಿಸುತ್ತಿದ್ದಾರೆಯೇ ಎಂದು ನೋಡುತ್ತಿರಬೇಕು.

ನೋಡಬೇಕಾದ ಇನ್ನೊಂದು ವಿಷಯ ಕವರ್. ಸರಳಿಗೂ ಕಾಂಕ್ರೀಟಿನ ಹೊರಮೈಗೂ ನಡುವಿನ ದಪ್ಪ. ಸ್ಲ್ಯಾಬಿಗೆ 20 ಮಿ.ಮೀ., ಕಂಬಕ್ಕೆ 40, ಮಣ್ಣಿಗೆ ತಾಗುವ ಅಡಿಪಾಯಕ್ಕೆ 50 ಅಥವಾ ಹೆಚ್ಚು ಎನ್ನುವುದು ಸಾಮಾನ್ಯವಾಗಿ ಕಾಣುವ ಅಳತೆ. ಕಡಲ ಗಾಳಿ ಬೀಸುವ ಕಡೆ ಇನ್ನೂ ಹೆಚ್ಚು. ಹೊಸ ಕಾಂಕ್ರೀಟಿನ ಒಳಗೆ ಕ್ಷಾರ ಎಷ್ಟು ಗಾಢವೆಂದರೆ ಅದರ ಪಿಎಚ್ 12.5ರ ಮೇಲಿರುತ್ತದೆ. ಆ ಕ್ಷಾರದಲ್ಲಿ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಮೈಯಿಂದ ಒಳಕ್ಕೆ ಇಳಿಯುತ್ತ ಕ್ಷಾರವನ್ನು ತಿನ್ನುತ್ತ ಹೋಗುತ್ತದೆ. ಪಿಎಚ್ 9ರ ಆಸುಪಾಸಿಗೆ ಇಳಿದ ಪದರ ಸರಳನ್ನು ಮುಟ್ಟಿತೆಂದರೆ ಕಾವಲು ಮುಗಿಯಿತು. ಈ ಇಳಿತ ಕಾಲದ ವರ್ಗಮೂಲದಂತೆ ಸಾಗುತ್ತದೆ. ಇದನ್ನು ಅರ್ಥಮಾಡಿಕೊಂಡರೆ, ಸರಳನ್ನು ಹಲಗೆಯಿಂದ ದೂರ ಹಿಡಿಯುವ ಕವರ್ ಬ್ಲಾಕಿನ ಬೆಲೆ ಗೊತ್ತಾಗುತ್ತದೆ. 20 ಮಿ.ಮೀ. ದಾಟಲು 40 ವರ್ಷ ಹಿಡಿಯುವ ಕಾಂಕ್ರೀಟಿನಲ್ಲಿ 10 ಮಿ.ಮೀ. ದಾಟಲು 20 ವರ್ಷ ಬೇಕಿಲ್ಲ, 10 ವರ್ಷ ಸಾಕು. ಕವರ್ ಅರ್ಧವಾದರೆ ಆಯುಷ್ಯ ಕಾಲುಭಾಗ. ಆಮೇಲೆ ಬರುವ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಕಾಂಕ್ರೀಟನ್ನು ಒಳಗಿನಿಂದ ಸೀಳುವುದು ಅದೇ.

ಹಾಗಾಗಿ ಕವರ್ ಬ್ಲಾಕ್ ಬದಲು ಜಲ್ಲಿಕಲ್ಲು, ಟೈಲ್ಸ್ ಚೂರು, ಮರದ ತುಂಡು ಇಟ್ಟಿರುವುದು ಕಂಡರೆ ಸಣ್ಣ ವಿಷಯವೆಂದು ಬಿಡಬಾರದು. ಜಲ್ಲಿ ಹೊರಳುತ್ತದೆ, ಸರಳು ಹಲಗೆಗೆ ತಾಗುತ್ತದೆ. ಕಾಂಕ್ರೀಟಿನದೇ ಬ್ಲಾಕು ಅಥವಾ ಪ್ಲಾಸ್ಟಿಕ್ಕಿನದು, ಸರಿಯಾದ ಎತ್ತರದ್ದು, ಸರಳಿಗೆ ಕಟ್ಟಿದ್ದು ಇರಬೇಕು. ಕಂಬದಲ್ಲಿ ನಾಲ್ಕೂ ಬದಿಗೆ ಇರಬೇಕು. ಒಂದು ಬದಿ ಬಿಟ್ಟರೆ ಇಡೀ ಪಂಜರ ಆ ಬದಿಗೆ ವಾಲಿ, ಒಂದು ಕಡೆ 70 ಮಿ.ಮೀ., ಇನ್ನೊಂದು ಕಡೆ 10 ಮಿ.ಮೀ. ಆಗಿಬಿಡುತ್ತದೆ.

ಕಂಬದ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗುಗಳ ಕೊಕ್ಕೆಯನ್ನು ಬೆರಳಿಟ್ಟು ನೋಡಬೇಕು. ಭೂಕಂಪ ತಾಳಬೇಕಾದ ಕಟ್ಟಡದಲ್ಲಿ ರಿಂಗಿನ ತುದಿ 135 ಡಿಗ್ರಿ ಒಳಕ್ಕೆ ತಿರುಗಿ ಕಂಬದ ಹೊಟ್ಟೆಯೊಳಗೆ ಚುಚ್ಚಿಕೊಂಡಿರಬೇಕು. 90 ಡಿಗ್ರಿಗೆ ಮಡಚಿ ಬಿಟ್ಟರೆ ಕಟ್ಟುವವರಿಗೆ ಸುಲಭ, ನೋಡಲೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಕಂಬ ಅಲುಗಾಡಿ ಹೊರಗಿನ ಕವರ್ ಉದುರಿದ ಕೂಡಲೇ ಅಂಥ ರಿಂಗು ಬಿಚ್ಚಿಕೊಳ್ಳುತ್ತದೆ. ಒಳಗಿನ ಕಾಂಕ್ರೀಟನ್ನು ಅಮುಕಿ ಹಿಡಿಯಲು ಆಗ ಏನೂ ಉಳಿಯುವುದಿಲ್ಲ. ತೊಲೆ ಕಂಬ ಕೂಡುವ ಗಂಟಿನಲ್ಲಿ ರಿಂಗು ಹಾಕುವುದು ಕಷ್ಟ, ಕೈ ಹೋಗುವುದಿಲ್ಲ. ಹೀಗಾಗಿ ಅಲ್ಲೇ ಅದು ತಪ್ಪಿಹೋಗುತ್ತದೆ. ತಪಾಸಣೆಗೆ ಹತ್ತು ನಿಮಿಷವಷ್ಟೇ ಇದ್ದರೆ ಆ ಹತ್ತೂ ನಿಮಿಷವನ್ನು ಗಂಟುಗಳಿಗೇ ಕೊಡುವುದು ಮೇಲು.

ಲಾರಿಯ ನೀರು, ಟ್ಯಾಂಕಿನ ಕ್ಯೂಬು

ಕಾಂಕ್ರೀಟ್ ಗಟ್ಟಿಯಾಗಿ ಕಂಡರೆ ಪೈಪಿನ ನೀರು ಬಿಡುವುದು ಎಲ್ಲೆಡೆಯ ಅಭ್ಯಾಸ. ಒಂದು ಲೆಕ್ಕ ನೋಡಿ. ಘನ ಮೀಟರಿಗೆ 340 ಕೆ.ಜಿ. ಸಿಮೆಂಟು, 160 ಲೀಟರ್ ನೀರು ಇದ್ದರೆ ನೀರು–ಸಿಮೆಂಟ್ ಅನುಪಾತ 0.47. ಆರು ಘನ ಮೀಟರಿನ ಲಾರಿಗೆ 60 ಲೀಟರ್, ಅಂದರೆ ಮೂರು ನಾಲ್ಕು ಬಕೆಟ್ ನೀರು ಸೇರಿಸಿದರೆ ಅದು 0.50 ಆಗುತ್ತದೆ. ಬಲದಲ್ಲಿ ಸುಮಾರು 2ರಿಂದ 3 ಮೆಗಾಪಾಸ್ಕಲ್ ಕಳೆಯುತ್ತದೆ. ಬಲಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಹೆಚ್ಚಿನ ನೀರು ಆವಿಯಾಗಿ ಬಿಟ್ಟುಹೋದ ಸೂಕ್ಷ್ಮ ದಾರಿಗಳಲ್ಲಿ ಗಾಳಿ, ತೇವ, ಉಪ್ಪು ಎಲ್ಲವೂ ಸಲೀಸಾಗಿ ಒಳನುಗ್ಗುತ್ತವೆ. ಮೇಲೆ ಹೇಳಿದ 40 ವರ್ಷದ ಲೆಕ್ಕ ಇಲ್ಲೇ ಕುಸಿಯಲು ಶುರುವಾಗುತ್ತದೆ. ಕಾಂಕ್ರೀಟ್ ಸಡಿಲವಾಗಬೇಕಿದ್ದರೆ ಅದಕ್ಕೆ ಪ್ಲಾಸ್ಟಿಸೈಸರ್ ಇದೆ, ತಯಾರಿಸಿದವರೇ ಅಳತೆ ಹೇಳಿ ಹಾಕಬೇಕು. ಕಾಂಕ್ರೀಟ್ ಎಷ್ಟು ಸಡಿಲವಿದೆ ಎಂದು ಅಳೆಯುವ ಸ್ಲಂಪ್ ಪರೀಕ್ಷೆಯನ್ನು ಲಾರಿ ಬಂದ ಕೂಡಲೇ ಮಾಡಿ ಮುಗಿಸಿದರೆ ಸಾಲದು. ನೀರು ಬೀಳುವುದು ಆಮೇಲೆ.

ಕ್ಯೂಬ್ ಪರೀಕ್ಷೆಯ ಬಗ್ಗೆ ದೊಡ್ಡ ತಪ್ಪು ಕಲ್ಪನೆಯಿದೆ. 150 ಮಿ.ಮೀ. ಅಚ್ಚಿನಲ್ಲಿ ಮೂರು ಪದರ ತುಂಬಿ, ಪ್ರತಿ ಪದರವನ್ನು 35 ಬಾರಿ ಕುಟ್ಟಿ, 28 ದಿನ ನೀರಿನ ಟ್ಯಾಂಕಿನಲ್ಲಿ ಇಟ್ಟು ಒಡೆಯುವ ಆ ಕ್ಯೂಬು ಹೇಳುವುದು ಲಾರಿಯಲ್ಲಿ ಬಂದ ಕಾಂಕ್ರೀಟಿನ ಯೋಗ್ಯತೆಯನ್ನು. ಕಂಬದಲ್ಲಿ ಅದು ಹೇಗೆ ಕೂತಿತು, ಹೇಗೆ ಒಣಗಿತು ಎನ್ನುವುದರ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ಸರಿಯಾಗಿ ವೈಬ್ರೇಟರ್ ಆಡಿಸದೆ ಶೇ 5ರಷ್ಟು ಗಾಳಿಗುಳಿ ಉಳಿದರೆ ಬಲ ಶೇ 30ರಷ್ಟು ಕುಸಿಯಬಹುದು. ಅದೇ ಕಾಂಕ್ರೀಟಿನ ಕ್ಯೂಬು ಮಾತ್ರ ಟ್ಯಾಂಕಿನಲ್ಲಿ ತಣ್ಣಗೆ ಕೂತು ಪಾಸಾಗಿರುತ್ತದೆ. ಇಡೀ ಕಟ್ಟಡದ ಕಡತದಲ್ಲಿ ಕ್ಯೂಬ್ ವರದಿಗಳೆಲ್ಲ ಸರಿಯಾಗಿದ್ದು ಕಂಬದ ಬುಡ ಮಾತ್ರ ಜೇನುಗೂಡಾಗಿರಲು ಯಾವ ಅಡ್ಡಿಯೂ ಇಲ್ಲ.

ಆ ಜೇನುಗೂಡಿನದು, ಸೈಟಿನ ಮಾತಿನಲ್ಲಿ ಹನಿಕೋಂಬ್‌ನದು, ಬೇರೆಯೇ ಕತೆ. ಕಂಬದ ಬುಡದಲ್ಲಿ ಶಟರಿಂಗ್ (ಅಚ್ಚಿನ ಹಲಗೆ) ಸಂದಿಯಿಂದ ಸಿಮೆಂಟ್ ಹಾಲು ಸೋರಿಹೋಗಿರುತ್ತದೆ. ಅಥವಾ ಒಂದೂವರೆ ಮೀಟರಿಗಿಂತ ಹೆಚ್ಚು ಎತ್ತರದಿಂದ ಸುರಿದು ಜಲ್ಲಿ ಬೇರೆ, ಗಾರೆ ಬೇರೆ ಆಗಿರುತ್ತದೆ. ಇಲ್ಲವೇ ಸರಳುಗಳ ದಟ್ಟಣೆಯಲ್ಲಿ ವೈಬ್ರೇಟರ್ ಸೂಜಿ ಇಳಿದಿರುವುದಿಲ್ಲ. ಶಟರ್ ಬಿಚ್ಚಿದಾಗ ಸಿಮೆಂಟಿಲ್ಲದ ಬರಿ ಜಲ್ಲಿ, ಕೆಲವೊಮ್ಮೆ ಸರಳೇ ಕಾಣುತ್ತದೆ. ಇಲ್ಲಿ ನಿರ್ಣಾಯಕವಾದದ್ದು ದೋಷವಲ್ಲ, ಮುಂದಿನ ಅರ್ಧ ಗಂಟೆ. ಒಂದು ಬಾಂಡ್ಲಿ ಗಾರೆ ತಂದು ಹೊರಮೈ ಸವರಿಬಿಟ್ಟರೆ ಸಂಜೆಯ ಹೊತ್ತಿಗೆ ಕಂಬ ಚೆಂದವಾಗಿ ನಿಂತಿರುತ್ತದೆ, ಒಳಗಿನ ಪೊಳ್ಳು ಶಾಶ್ವತವಾಗುತ್ತದೆ. ಸರಿಯಾದ ದಾರಿ ಇದು: ಗಟ್ಟಿ ಕಾಂಕ್ರೀಟ್ ಸಿಗುವ ತನಕ ಸಡಿಲವಾದದ್ದನ್ನು ಉಳಿಯಿಂದ ಕೆತ್ತಿ ತೆಗೆಯಬೇಕು. ಎಷ್ಟು ಆಳ ಹೋಯಿತೆಂದು ಅಳೆದು ಬರೆಯಬೇಕು. ಸರಳಿನ ಹಿಂದಕ್ಕೂ ಹೋಗಿದ್ದರೆ ವಿನ್ಯಾಸ ಮಾಡಿದ ಎಂಜಿನಿಯರ್‌ಗೆ ತಿಳಿಸಿ, ಅಗತ್ಯವಿದ್ದರೆ ಮೇಲಿನ ಭಾರಕ್ಕೆ ಊರೆ ಕೊಟ್ಟು, ಕುಗ್ಗದ ಮೈಕ್ರೋ ಕಾಂಕ್ರೀಟ್ ಅಥವಾ ಗ್ರೌಟ್ ತುಂಬಬೇಕು. ಇದಕ್ಕೆ ಎರಡು ಮೂರು ದಿನ ಬೇಕು. ಅದಕ್ಕೇ ಒಂದು ನಿಯಮ ಕಡ್ಡಾಯವಾಗಿರಬೇಕು: ಶಟರ್ ಬಿಚ್ಚಿದ ಕಂಬವನ್ನು ತಪಾಸಣೆ ಮಾಡುವವರು ನೋಡಿ ಫೋಟೋ ತೆಗೆಯುವ ತನಕ ಅದರ ಮೇಲೆ ಕರಣೆ ಮುಟ್ಟಿಸುವಂತಿಲ್ಲ. ಎಷ್ಟೇ ಸಣ್ಣ ಗುಳಿಯಾದರೂ ಸರಿ.

ಕ್ಯೂರಿಂಗ್ ಕುರಿತು ಇಷ್ಟು ಹೇಳಿದರೆ ಸಾಕು. ಕನಿಷ್ಠ 7 ದಿನ, ಹಾರುಬೂದಿ ಅಥವಾ ಸ್ಲ್ಯಾಗ್ ಬೆರೆಸಿದ ಸಿಮೆಂಟಾದರೆ 10 ದಿನ ಬಿಡದೆ ತೇವವಾಗಿಡಬೇಕು. ಒಣಗಿ ಕೆಡುವುದು ಕಂಬದ ನಡುಮಧ್ಯವಲ್ಲ, ಹೊರಗಿನ ಎರಡು ಮೂರು ಸೆಂ.ಮೀ. ಕವರ್ ಇರುವುದೂ ಅಲ್ಲೇ.

ನೀರು ಕಟ್ಟಿ ನೋಡುವುದು

ಜನ ದಿನವೂ ಅನುಭವಿಸುವ ಒಳದೋಷ ಸೋರಿಕೆ. ಸ್ನಾನದ ಮನೆ, ತಾರಸಿ, ಬಾಲ್ಕನಿ ಈ ಮೂರರಲ್ಲಿ ನೀರು ಒಳಹೋಗುವ ಜಾಗ ಬಹುಪಾಲು ಒಂದೇ: ಬಯಲು ನೆಲವಲ್ಲ, ಅಂಚು. ನೆಲ ಗೋಡೆಯನ್ನು ಕೂಡುವ ಮೂಲೆ, ಪೈಪು ಸ್ಲ್ಯಾಬನ್ನು ಹಾಯುವ ರಂಧ್ರ, ಬಚ್ಚಲ ಟ್ರ್ಯಾಪಿನ ಸುತ್ತು, ಬಾಗಿಲ ಹೊಸ್ತಿಲು. ಮೂಲೆಯಲ್ಲಿ ಗಾರೆಯ ಇಳಿಜಾರು ಪಟ್ಟಿ ಕಟ್ಟದೆ ನೇರ 90 ಡಿಗ್ರಿ ಮೂಲೆಗೆ ಜಲನಿರೋಧಕ ಲೇಪನ ಬಳಿದರೆ, ನೆಲ ಗೋಡೆಗಳು ಕೂದಲೆಳೆಯಷ್ಟು ಬೇರೆಯಾದಾಗ ಲೇಪನ ಅಲ್ಲೇ ಹರಿಯುತ್ತದೆ. ಲೇಪನ ಗೋಡೆಯ ಮೇಲೆ ಕನಿಷ್ಠ 150 ಮಿ.ಮೀ. ಏರಿರಬೇಕು, ಶವರ್ ಇರುವ ಗೋಡೆಯಲ್ಲಿ ಆಳೆತ್ತರ.

ಪರೀಕ್ಷೆ ಸರಳ. ಬಚ್ಚಲ ಬಾಯಿಗೆ ಬಿರಡೆ ಹಾಕಿ, ಹೊಸ್ತಿಲಿಗೆ ಗಾರೆಯ ಕಟ್ಟೆ ಕಟ್ಟಿ, 25ರಿಂದ 50 ಮಿ.ಮೀ. ನೀರು ನಿಲ್ಲಿಸಿ, ಗೋಡೆಯ ಮೇಲೆ ನೀರಿನ ಮಟ್ಟವನ್ನು ಪೆನ್ಸಿಲ್ಲಿನಿಂದ ಗುರುತು ಹಾಕಬೇಕು. ಕನಿಷ್ಠ 24 ಗಂಟೆ, ಸಾಧ್ಯವಾದರೆ 72 ಗಂಟೆ ಬಿಡಬೇಕು, ಏಕೆಂದರೆ ದಪ್ಪ ಸ್ಲ್ಯಾಬಿನಲ್ಲಿ ನೀರು ನಿಧಾನವಾಗಿ ಇಳಿಯುತ್ತದೆ. ಕೆಳಗಿನ ಮಹಡಿಯಿಂದ ಛಾವಣಿ, ಪೈಪಿನ ಸುತ್ತು, ತೊಲೆಯ ಪಕ್ಕ ನೋಡಬೇಕು. ಇದನ್ನು ಎರಡು ಸಲ ಮಾಡಬೇಕು. ಲೇಪನವಾದ ಮೇಲೆ ಒಮ್ಮೆ, ಟೈಲ್ಸ್ ಕೂರಿಸಿದ ಮೇಲೆ ಇನ್ನೊಮ್ಮೆ. ಎರಡನೆಯದನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ. ಲೇಪನ ಪಾಸಾದ ನಂತರ ಪ್ಲಂಬರ್ ಬಂದು ಒಂದು ಪೈಪಿಗಾಗಿ ಅದೇ ಲೇಪನವನ್ನು ಕೊರೆದಿರುತ್ತಾರೆ ಎನ್ನುವುದು ನೆನಪಿರಲಿ. ಇಳಿಜಾರನ್ನೂ ಆಗಲೇ ನೋಡಬೇಕು: ಬಚ್ಚಲಿನತ್ತ 80ಕ್ಕೆ 1 ಅಥವಾ 100ಕ್ಕೆ 1. ಬಿರಡೆ ತೆಗೆದಾಗ ನೀರೆಲ್ಲ ಹೋಗದೆ ಎಲ್ಲಾದರೂ ಮಡುಗಟ್ಟಿ ನಿಂತರೆ ಅದು ಮುಂದಿನ ಒಸರಿನ ವಿಳಾಸ.

ಟೈಲ್ಸ್ ಕೆಳಗಿನ ಟೊಳ್ಳೂ ನೀರಿನ ವಿಷಯವೇ. ಟೈಲಿನ ಬೆನ್ನಿಗೆ ಐದು ಮುದ್ದೆ ಅಂಟು ಹಚ್ಚಿ ಒತ್ತಿದರೆ ಸುತ್ತ ಖಾಲಿ ಉಳಿಯುತ್ತದೆ, ಅಲ್ಲಿ ನೀರು ಸೇರುತ್ತದೆ. ಹಲ್ಲಿನ ಕರಣೆಯಿಂದ ಹರಡಿದ ಅಂಟು ಒಣ ಜಾಗದಲ್ಲಿ ಟೈಲಿನ ಬೆನ್ನಿನ ಶೇ 80, ಒದ್ದೆ ಜಾಗದಲ್ಲಿ ಶೇ 95 ಮುಟ್ಟಿರಬೇಕು. ಕೂರಿಸುತ್ತಿರುವಾಗಲೇ ಒಂದೆರಡು ಟೈಲನ್ನು ಕಿತ್ತು ಬೆನ್ನು ನೋಡುವುದೇ ಇದಕ್ಕೆ ತಕ್ಕ ತಪಾಸಣೆ.

ಗೋಡೆಯೊಳಗಿನ ನೀರಿನ ಪೈಪಿಗೆ ಬಳಕೆಯ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು, ಪ್ಲಾಸ್ಟರಿಗೆ ಮುಂಚೆ ಗೇಜಿನ ಮುಳ್ಳು ಇಳಿಯದಿರುವುದನ್ನು ನೋಡಬೇಕು. ವಿದ್ಯುತ್ ತಂತಿಗೆ 500 ವೋಲ್ಟ್ ಮೆಗ್ಗರ್ (ತಂತಿಯ ಹೊದಿಕೆಯ ನಿರೋಧ ಅಳೆಯುವ ಉಪಕರಣ) ಹಚ್ಚಿದಾಗ ನಿರೋಧ 1 ಮೆಗಾಓಮ್‌ಗಿಂತ ಹೆಚ್ಚಿರಬೇಕು, ತಂತಿ ಸಾಗುವ ಕೊಳವೆಯಾದ ಕಾಂಡ್ಯೂಟ್ ಒಳಗೆ ಎಲ್ಲೂ ತಂತಿಯ ಜೋಡಣೆ ಇರಬಾರದು. ಇವು ಸುಲಭದ ಪರೀಕ್ಷೆಗಳು, ಸಾಧಾರಣವಾಗಿ ನಡೆಯುತ್ತವೆ. ನಡೆಯದೇ ಹೋಗುವುದು ಬೆಂಕಿ ತಡೆಯ ತಪಾಸಣೆ. ಪೈಪು, ಕೇಬಲ್ ಟ್ರೇ ಗೋಡೆ ಹಾಯುವಲ್ಲಿ ಉಳಿದ ಸಂದಿಗೆ ಬೆಂಕಿ ತಾಳುವ ಸೀಲಂಟ್ ತುಂಬಬೇಕು. ಫಾಲ್ಸ್ ಸೀಲಿಂಗ್ ಮೇಲೆ ಯಾರು ನೋಡುತ್ತಾರೆ ಎಂದು ಅದು ಹಾಗೇ ಉಳಿಯುತ್ತದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡಕ್ಕೆ ಬಿದ್ದ ಬೆಂಕಿಯಿಂದ 72 ಜನ ತೀರಿಕೊಂಡರು. ಬೆಂಕಿ ಹಬ್ಬಲು ಮುಖ್ಯ ಕಾರಣ ಹೊರಹೊದಿಕೆಯ ವಸ್ತು. ಆದರೆ ಅದರ ಹಿಂದಿನ ಟೊಳ್ಳಿನಲ್ಲಿ ಇರಬೇಕಿದ್ದ ತಡೆಪಟ್ಟಿಗಳಲ್ಲೂ ಕೆಲವು ಇರಲಿಲ್ಲ, ಕೆಲವು ಸರಿಯಾಗಿ ಕೂತಿರಲಿಲ್ಲ.

ಸಹಿ ಇದ್ದೂ ಸೋತದ್ದು

ಇಷ್ಟೆಲ್ಲ ಗೊತ್ತಿದ್ದೂ ತಪಾಸಣೆ ಯಾಕೆ ಸೋಲುತ್ತದೆ? ಅಮೆರಿಕದ ಲಾಸ್ ವೇಗಸ್‌ನಲ್ಲಿ ಹಾರ್ಮನ್ ಎಂಬ ಹೋಟೆಲ್ ಗೋಪುರ ಏಳುತ್ತಿತ್ತು. 2008ರಲ್ಲಿ ಅದರ ತೊಲೆಗಳೊಳಗಿನ ಸರಳು ನಕ್ಷೆಯಂತಿಲ್ಲ ಎನ್ನುವುದು ಬಯಲಾಯಿತು. ಆ ಹೊತ್ತಿಗಾಗಲೇ ಹಲವು ಮಹಡಿಗಳು ಎದ್ದಿದ್ದವು. ಪ್ರತ್ಯೇಕ ತಪಾಸಣಾ ಸಂಸ್ಥೆಯಿತ್ತು, ದಿನದಿನದ ವರದಿಯಿತ್ತು, ಎಲ್ಲ ಸರಿಯಿದೆ ಎಂದು ಬರೆದಿತ್ತು. ಗೋಪುರವನ್ನು ಯೋಜನೆಯ ಅರ್ಧದಷ್ಟು ಎತ್ತರಕ್ಕೆ ನಿಲ್ಲಿಸಿದರು. ಒಬ್ಬ ಅತಿಥಿಯೂ ಕಾಲಿಡದ ಆ ಕಟ್ಟಡವನ್ನು 2014–15ರಲ್ಲಿ ಮಹಡಿ ಮಹಡಿಯಾಗಿ ಕೆಡವಿದರು. ಕಾಗದ ಪೂರ್ತಿಯಾಗಿರುವುದು ಕೆಲಸ ಪೂರ್ತಿಯಾಗಿರುವುದಕ್ಕೆ ಸಾಕ್ಷಿಯಲ್ಲ.

ಸೋಲಿಗೆ ಮೂಲ ಕಾರಣ ಅಧಿಕಾರದ ಹಂಚಿಕೆ ಎನ್ನುವುದು ನಮ್ಮ ಸ್ಪಷ್ಟ ಅಭಿಪ್ರಾಯ. ಲಾರಿ ಗೇಟಿನಲ್ಲಿ ನಿಂತ ಮೇಲೆ ತಪಾಸಣೆಗೆ ಕರೆದರೆ, ಬೇಡ ಎನ್ನುವ ಬಾಯಿ ಯಾರಿಗೂ ಇರುವುದಿಲ್ಲ. ಕಾಂಕ್ರೀಟ್ ಎರಡು ಮೂರು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಪಂಪಿಗೆ ಬಾಡಿಗೆ ಏರುತ್ತಿದೆ, ಐವತ್ತು ಕೆಲಸಗಾರರು ಕಾಯುತ್ತಿದ್ದಾರೆ. ಹಾಗಾಗಿ ಹೋಲ್ಡ್ ಪಾಯಿಂಟ್, ಅಂದರೆ ತಪಾಸಣೆಯಾಗದೆ ಕೆಲಸ ಮುಂದೆ ಹೋಗಬಾರದ ಹಂತ, ಹೆಸರಿಗೆ ಮಾತ್ರ ಇರಬಾರದು. ಸುರಿಯುವ 24 ಗಂಟೆ ಮುಂಚೆ ಕಬ್ಬಿಣದ ತಪಾಸಣೆ, ತಿದ್ದಲು ಒಂದು ಪಾಳಿ, ಮತ್ತೆ ನೋಡಿ ಪೋರ್ ಕಾರ್ಡಿಗೆ (ಸುರಿಯಲು ಕೊಡುವ ಅನುಮತಿ ಚೀಟಿ) ಸಹಿ, ಸಹಿಯಾದ ಮೇಲೆಯೇ ಲಾರಿಗೆ ಫೋನು. ಈ ಕ್ರಮ ತಲೆಕೆಳಗಾದ ಕಡೆ ಎಂಥ ಪ್ರಾಮಾಣಿಕ ಎಂಜಿನಿಯರ್ ಇದ್ದರೂ ಕೈಕಟ್ಟಿ ನಿಲ್ಲಬೇಕಾಗುತ್ತದೆ. ತಪಾಸಣೆ ಮಾಡುವವರ ಸಂಬಳದ ಚೀಟಿ ಗುತ್ತಿಗೆದಾರರಿಂದ ಬರುತ್ತಿದ್ದರೆ ಆ ಕೈ ಇನ್ನಷ್ಟು ಬಿಗಿಯುತ್ತದೆ.

ಎರಡನೆಯ ಕಾರಣ ಲೆಕ್ಕದ್ದು. ಎಲ್ಲವನ್ನೂ ನೋಡಲು ಆಗದು, ಮಾದರಿ ಆರಿಸುತ್ತಾರೆ. ಎಷ್ಟು ಆರಿಸಬೇಕು? ಐದರಲ್ಲಿ ಒಂದು ಕೊಂಡಿ ಕೆಟ್ಟಿರುವ ಗೋಡೆಯಲ್ಲಿ ಮನಬಂದಂತೆ ಐದನ್ನು ನೋಡಿದರೆ, ಒಂದೂ ಕೆಟ್ಟದ್ದು ಕಣ್ಣಿಗೆ ಬೀಳದೆ ಹೋಗುವ ಸಾಧ್ಯತೆ ಶೇ 33. ಹತ್ತು ನೋಡಿದರೆ ಶೇ 11. ಇಪ್ಪತ್ತು ನೋಡಿದರೆ ಶೇ 1ರ ಆಸುಪಾಸು. ಮೂರು ನಾಲ್ಕು ಕಡೆ ನೋಡಿ ಗೋಡೆ ಪಾಸು ಎನ್ನುವುದು ತಪಾಸಣೆಯಾಗುವುದಿಲ್ಲ. ಆ ಮೂರು ನಾಲ್ಕು ಜಾಗವನ್ನು ಕೆಲಸ ಮಾಡಿದವರೇ ತೋರಿಸಿದ್ದರಂತೂ ಆ ಲೆಕ್ಕವೂ ಅನ್ವಯಿಸುವುದಿಲ್ಲ. ಫೋಟೋ ವಿಷಯವೂ ಹೀಗೆಯೇ. ಟೇಪ್ ಹಿಡಿದು, ಕಂಬದ ಸಂಖ್ಯೆ ಮತ್ತು ದಿನಾಂಕ ಬರೆದ ಹಲಗೆ ಇಟ್ಟು, ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೆದದ್ದು ದಾಖಲೆ. ಉಳಿದದ್ದು ಬರಿ ಚಿತ್ರ.

ಮುಚ್ಚಿಹೋದ ಮೇಲೆ

ಈಗಾಗಲೇ ಕಟ್ಟಿ ಮುಗಿದ ಕಟ್ಟಡದಲ್ಲಿ ಏನು ಮಾಡಬಹುದು? ಮೊದಲು ಬಿರುಕನ್ನು ಓದಬೇಕು. ಪ್ಲಾಸ್ಟರಿನ ಮೇಲೆ ಭೂಪಟದಂತೆ ಹರಡಿದ ಕೂದಲೆಳೆ ಬಿರುಕು ಗಾರೆ ಕುಗ್ಗಿದ್ದರಿಂದ ಬಂದದ್ದು, ಅದಕ್ಕೆ ಹೆದರಬೇಕಿಲ್ಲ. ಇಟ್ಟಿಗೆ ಗೋಡೆಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರುವ ಬಿರುಕು ಅಡಿಪಾಯದ ಒಂದು ಭಾಗ ಕುಸಿದದ್ದನ್ನು ಹೇಳುತ್ತದೆ. ತೊಲೆಯ ತುದಿಯಲ್ಲಿ ಕಂಬದ ಹತ್ತಿರ 45 ಡಿಗ್ರಿಗೆ ಓರೆಯಾಗಿ ಸಾಗುವ ಬಿರುಕು ಕಂಡರೆ ಅದೇ ದಿನ ಎಂಜಿನಿಯರನ್ನು ಕರೆಯಬೇಕು, ಏಕೆಂದರೆ ಕತ್ತರಿ ಬಲದಿಂದ ಮುರಿಯುವ ತೊಲೆ ಹೆಚ್ಚು ಎಚ್ಚರಿಕೆ ಕೊಡುವುದಿಲ್ಲ. ಸರಳಿನ ಉದ್ದಕ್ಕೂ ನೇರ ಗೆರೆಯಾಗಿ ಹೋಗುವ, ಕಂದು ಕಲೆ ಇಳಿಯುವ ಬಿರುಕು ತುಕ್ಕಿನದು. ಬಿರುಕಿಗಡ್ಡವಾಗಿ ದಿನಾಂಕ ಬರೆದು, ಅಗಲ ಅಳೆದು ತಿಂಗಳಿಗೊಮ್ಮೆ ನೋಡಿದರೆ ಅದು ನಿಂತಿದೆಯೋ ಬೆಳೆಯುತ್ತಿದೆಯೋ ತಿಳಿಯುತ್ತದೆ.

ಒಡೆಯದೆ ಮಾಡುವ ಪರೀಕ್ಷೆಗಳಿವೆ, ಅವುಗಳ ಮಿತಿ ಗೊತ್ತಿರಬೇಕು. ಕಾಂಕ್ರೀಟಿಗೆ ಬಡಿದು ಪುಟಿಯುವಿಕೆ ಅಳೆಯುವ ರೀಬೌಂಡ್ ಹ್ಯಾಮರ್ ಹೊರಮೈಯ ಗಟ್ಟಿತನವನ್ನಷ್ಟೇ ಹೇಳುತ್ತದೆ. ಹಳೆಯ ಕಾಂಕ್ರೀಟಿನ ಹೊರಪದರ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗಿರುತ್ತದೆ, ಹಾಗಾಗಿ ಕೆಟ್ಟ ಕಂಬವೂ ಒಳ್ಳೆಯ ಅಂಕ ತೋರಿಸಬಹುದು. ಶ್ರವಣಾತೀತ ತರಂಗದ ಪರೀಕ್ಷೆ ಒಳಗಿನ ಪೊಳ್ಳಿಗೆ ಹೆಚ್ಚು ಸೂಕ್ಷ್ಮ: ವೇಗ ಸೆಕೆಂಡಿಗೆ 4.5 ಕಿ.ಮೀ. ಮೀರಿದರೆ ಉತ್ತಮ, 3ಕ್ಕಿಂತ ಕೆಳಗಿದ್ದರೆ ಸಂದೇಹ. ಇವೆರಡೂ ಎಲ್ಲಿ ಕೊರೆಯಬೇಕು ಎಂದು ತೋರಿಸುವ ಬೆರಳುಗಳು. ತೀರ್ಪು ಕೊಡುವುದು ಕೋರ್, ಅಂದರೆ ಕಾಂಕ್ರೀಟಿನಿಂದ ಕೊರೆದು ತೆಗೆದ ಉರುಳೆಯಾಕಾರದ ಮಾದರಿ. ಮೂರು ಕೋರ್‌ಗಳ ಸರಾಸರಿ ಬಲ ನಿಗದಿಯಾದದ್ದರ ಶೇ 85 ಮುಟ್ಟಬೇಕು, ಯಾವುದೊಂದೂ ಶೇ 75ಕ್ಕಿಂತ ಕೆಳಗಿರಬಾರದು.

ಕಂಡ ದೋಷಕ್ಕೆ ತಡಮಾಡುವುದರ ಬೆಲೆ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ ಗೊತ್ತಾಯಿತು. 1981ರಲ್ಲಿ ಕಟ್ಟಿದ 12 ಮಹಡಿಯ ಚಾಂಪ್ಲೇನ್ ಟವರ್ಸ್ ಸೌತ್ 2021ರ ಜೂನ್ 24ರ ನಡುರಾತ್ರಿ ಭಾಗಶಃ ಕುಸಿದು 98 ಜನ ಸತ್ತರು. 2018ರಲ್ಲೇ ಸಲಹಾ ಎಂಜಿನಿಯರ್ ಒಬ್ಬರ ವರದಿ ಈಜುಕೊಳದ ಅಂಗಳದ ಸ್ಲ್ಯಾಬಿನ ಹಾನಿಯನ್ನು ಗುರುತಿಸಿತ್ತು. ಜಲನಿರೋಧಕವನ್ನು ಇಳಿಜಾರಿಲ್ಲದ ಸಮತಟ್ಟು ಸ್ಲ್ಯಾಬಿನ ಮೇಲೆ ಹಾಸಿದ್ದರಿಂದ ನೀರು ಹರಿದುಹೋಗದೆ ನಿಲ್ಲುತ್ತಿತ್ತು. ಆಮೇಲೆ ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ (ನಿಸ್ಟ್), ಆ ಅಂಗಳದ ಸ್ಲ್ಯಾಬು ಕಂಬ ಕೂಡುವಲ್ಲಿ ವಿನ್ಯಾಸದ ಬಲವೇ ಕಡಿಮೆಯಿತ್ತು, ಸರಳುಗಳು ನಕ್ಷೆಯ ಜಾಗದಲ್ಲಿರಲಿಲ್ಲ, ಮೇಲೆ ಗಿಡದ ಕಟ್ಟೆ, ನೆಲಹಾಸಿನ ಭಾರ ಕೂಡಿಸಿದ್ದರು ಎನ್ನುವುದನ್ನು ಕಂಡುಕೊಂಡಿತು. ಜಾಗ ತಪ್ಪಿದ ಸರಳು, ನಿಂತ ನೀರು, ಕೇಳದೆ ಹೇರಿದ ಭಾರ: ಇವು ಒಂದರ ಮೇಲೊಂದು ಸೇರಲು 40 ವರ್ಷ ಹಿಡಿಯಿತು.

ಸಾಮಾನ್ಯ ಕಟ್ಟಡದವರು ಕೈಗೆಟಕುವ ಖರ್ಚಿನಲ್ಲಿ ಮಾಡಿಸಬಹುದಾದ ಒಂದು ಪರೀಕ್ಷೆಯಿದೆ. ಒದ್ದೆಯಾಗುವ ಜಾಗದ ಒಂದು ತೊಲೆ, ಹೊರಗಾಳಿ ತಾಗುವ ಒಂದು ಕಂಬ, ಬಾಲ್ಕನಿಯ ತಳ ಇಂಥ ಕಡೆ ಕವರ್ ಮೀಟರಿನಿಂದ ಸರಳಿನ ಆಳ ಗುರುತಿಸಿ, ಪಕ್ಕದಲ್ಲಿ ಉಳಿಯಿಂದ ಸಣ್ಣ ಗುಳಿ ಕೆತ್ತಬೇಕು. ಧೂಳು ಊದಿ, ಆಗಷ್ಟೇ ಒಡೆದ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಬೇಕು. ಕ್ಷಾರ ಉಳಿದಿರುವ ಒಳಭಾಗ ಕ್ಷಣದಲ್ಲೇ ಕಡುಗುಲಾಬಿಯಾಗುತ್ತದೆ, ಕ್ಷಾರ ಸತ್ತ ಹೊರಪದರ ಬೂದು ಬಣ್ಣದಲ್ಲೇ ಉಳಿಯುತ್ತದೆ. ಆ ಬೂದು ಪಟ್ಟಿಯ ಅಗಲವನ್ನು ಅಳತೆಪಟ್ಟಿಯಿಟ್ಟು ಅಳೆಯಿರಿ. 20 ವರ್ಷದ ಕಟ್ಟಡದಲ್ಲಿ ಅದು 15 ಮಿ.ಮೀ. ಬಂದಿತು ಎನ್ನಿ. ಸರಳು 25 ಮಿ.ಮೀ. ಆಳದಲ್ಲಿರುವ ಕಡೆ ಅದು ಮುಟ್ಟಲು ಇನ್ನೂ ಸುಮಾರು 35 ವರ್ಷವಿದೆ. 20 ಮಿ.ಮೀ. ಇರುವ ಕಡೆ ಸುಮಾರು 15 ವರ್ಷ. ಕವರ್ ಬ್ಲಾಕ್ ಜಾರಿ 12 ಮಿ.ಮೀ. ಉಳಿದ ಕಡೆ ಅದು ಆಗಲೇ ಸರಳನ್ನು ದಾಟಿಯಾಗಿದೆ. ದುರಸ್ತಿ ಶುರುವಾಗಬೇಕಾದದ್ದು ಅಲ್ಲಿಂದ.